ಭಟ್ರ ಹತ್ರ ಕಾಗ್ದ ಎಂತಕ್ಕೆ?

ಉಪ್ಪುಂದದ ಕಡೆ ಮದುವೆ ಊಟದ ಮಾತುಕತೆ ಹೆಚ್ಚಾಗಿ ಮನೆಯ ಜಗಲಿಯಲ್ಲೇ ಮುಗಿಯುತ್ತದೆ. ಹುಡುಗಿಯ ತಂದೆ ಕುರ್ಚಿ ಎಳೆದು ಕೊಡುತ್ತಾರೆ, ಒಳಗಿನಿಂದ ಬೆಲ್ಲ ನೀರು ಬರುತ್ತದೆ, ಹಿಂದೆಯೇ ಚಾ. "ಎಷ್ಟ್ ಎಲೆ ಆಯ್ಕ್?" ಎಂದು ಅಡುಗೆಯ ಭಟ್ರು ಕೇಳುತ್ತಾರೆ. "ಎಂಟ್ನೂರ್ ಅಂದಾಜ್." "ಸ್ವೀಟ್ ಎಷ್ಟ್ ನಮೂನಿ?" "ಎರಡ್ ಸಾಕ್." ಎಲೆಗೆ ಇಂತಿಷ್ಟು ಎಂದು ಅವರು ಹೇಳುತ್ತಾರೆ, ಹತ್ತು ರೂಪಾಯಿ ಇಳಿಸಿ ಎಂದು ಇವರು ಹಿಡಿಯುತ್ತಾರೆ, ಐದಕ್ಕೆ ಇಬ್ಬರೂ ತಲೆ ಆಡಿಸುತ್ತಾರೆ. ಮುಂಗಡದ ನೋಟು ಜೇಬಿಗಿಳಿಯುತ್ತದೆ. ರಜೆಯಲ್ಲಿ ಬೆಂಗಳೂರಿನಿಂದ ಬಂದ ಮಗನೋ ಅಳಿಯನೋ "ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡರೆ ಒಳ್ಳೆಯದಲ್ವಾ" ಎಂದರೆ ಜಗಲಿಯಲ್ಲಿ ಮಾತು ನಿಂತುಹೋಗುತ್ತದೆ. ತಂದೆಗೆ ಮುಜುಗರ. "ಭಟ್ರ ಹತ್ರ ಕಾಗ್ದ ಎಂತಕ್ಕೆ ಮಾರಾಯಾ? ಬಾಯ್ಮಾತ್ ಸಾಲ್ದಾ?"

ಶಿರೂರಿನಿಂದ ಬ್ರಹ್ಮಾವರದವರೆಗೆ ಈ ಪ್ರಶ್ನೆಗೆ ಎದುರು ಹೇಳುವವರು ಕಡಿಮೆ. ಮಾತಿನ ಮೇಲೆ ನಡೆಯುವುದು ಮರ್ಯಾದೆ, ಕಾಗದ ಕೇಳುವುದು ಅಪನಂಬಿಕೆ, ಬರೆಸಿಕೊಳ್ಳುವುದು ಪೇಟೆಯವರ ಚಾಳಿ ಎಂದು ಎಲ್ಲ ಜಾತಿಯವರೂ ನಂಬಿದ್ದಾರೆ. ಮದರಂಗಿ ರಾತ್ರಿಯ ಕೋಳಿ ಸುಕ್ಕಕ್ಕೆ ಹೇಳುವ ಮನೆಯಲ್ಲೂ ಇದೇ ಮಾತು, ಮಠದ ಛತ್ರದಲ್ಲಿ ಉಪನಯನ ಮಾಡಿಸುವ ಮನೆಯಲ್ಲೂ ಇದೇ ಮಾತು. ಈ ನಂಬಿಕೆ ತಪ್ಪು. ಇದು ಊರಿನ ಹಳೆಯ ಪದ್ಧತಿ ಎಂದು ಹೇಳಿಕೊಳ್ಳುವುದಂತೂ ಇನ್ನೂ ದೊಡ್ಡ ತಪ್ಪು.

ಹಳೆಯ ಪದ್ಧತಿ ಯಾವುದು ಎಂದು ಸ್ವಲ್ಪ ನೆನಪಿಸಿಕೊಳ್ಳೋಣ. ಎಲೆಗೆ ಇಷ್ಟು ಎಂಬ ಗುತ್ತಿಗೆ ಬರುವ ಮೊದಲು ಮದುವೆ ಮನೆಯ ಅಂಗಳದ ಚಪ್ಪರದಲ್ಲೇ ಆಗುತ್ತಿತ್ತು. ಅಡುಗೆಯವರು ಬರುತ್ತಿದ್ದುದು ಮಜೂರಿಗೆ, ಸಾಮಾನು ಮನೆಯವರದು. ಅದಕ್ಕಾಗಿ ಎಷ್ಟೋ ದಿನ ಮೊದಲೇ ಅಡುಗೆಯವರು ಬಂದು ಕೂತು ಪಟ್ಟಿ ಹೇಳುತ್ತಿದ್ದರು, ಮನೆಯಲ್ಲಿ ಅಕ್ಷರ ಚೆನ್ನಾಗಿದ್ದವರೊಬ್ಬರು ಬರೆದುಕೊಳ್ಳುತ್ತಿದ್ದರು. ಕಾಗದದ ನೆತ್ತಿಗೆ 'ಶ್ರೀ', ಮೊದಲ ಸಾಲಿಗೆ ಅರಶಿನ. ಆಮೇಲೆ ಅಕ್ಕಿ ಇಷ್ಟು ಮುಡಿ, ತೊಗರಿಬೇಳೆ ಇಷ್ಟು, ಬೆಲ್ಲ ಇಷ್ಟು, ತೆಂಗಿನಕಾಯಿ ಇಷ್ಟು ನೂರು, ಒಣಮೆಣಸು, ಕೊತ್ತಂಬರಿ, ಇಂಗು, ಎಣ್ಣೆ, ತುಪ್ಪ, ಸೌತೆ, ಕುಂಬಳ, ಬಾಳೆಲೆ, ಕಟ್ಟಿಗೆ. ಹಾಲು ಯಾರ ಮನೆಯದು, ಹಂಡೆ ಕೊಪ್ಪರಿಗೆ ಎಲ್ಲಿಂದ ತರುವುದು ಎಂಬುದೂ ಅದರ ಕೆಳಗೇ. ಆ ಪಟ್ಟಿ ಅಂಗಡಿಗೆ ಹೋಗಿ, ಒಂದೊಂದು ಸಾಲಿಗೂ ಗುರುತು ಬಿದ್ದು, ಸಾಮಾನಿನ ಜೊತೆ ಮನೆಗೆ ವಾಪಸು ಬರುತ್ತಿತ್ತು. ಮನೆಯ ಹಿರಿಯ ಹೆಂಗಸು ಅದನ್ನೇ ಹಿಡಿದು ಮೂಟೆಗಳನ್ನು ಇನ್ನೊಮ್ಮೆ ನೋಡುತ್ತಿದ್ದರು. ಮದುವೆ ಕಳೆದು ಮಿಕ್ಕ ಸಾಮಾನು ಅಂಗಡಿಗೆ ಹಿಂದಿರುಗಿಸುವಾಗಲೂ ಲೆಕ್ಕಕ್ಕೆ ಅದೇ ಕಾಗದ.

ಇಷ್ಟೇ ಅಲ್ಲ. ಹಿಂದಿನ ರಾತ್ರಿ ನೆರೆಕರೆಯವರು ಬಂದು ತರಕಾರಿ ಹೆಚ್ಚುತ್ತಿದ್ದರು, ಹೆರೆಮಣೆ ಹಾಕಿಕೊಂಡು ಕಾಯಿ ಹೆರೆಯುತ್ತಿದ್ದರು, ಮರುದಿನ ಹಂತಿಯಲ್ಲಿ ಬಡಿಸುವವರೂ ಅವರೇ. ಎಷ್ಟು ಕಾಯಿ ಒಡೆಯಿತು, ಪಾಯಸಕ್ಕೆ ಎಷ್ಟು ಬೆಲ್ಲ ಬಿತ್ತು ಎಂಬುದಕ್ಕೆ ಊರೇ ಸಾಕ್ಷಿ. ಅಡುಗೆಯವರು ಕಾಯಿ ಉಳಿಸುವಂತಿರಲಿಲ್ಲ, ಏಕೆಂದರೆ ಕಾಯಿ ಅವರದಲ್ಲ, ಉಳಿದರೆ ಲಾಭ ಅವರಿಗಲ್ಲ. ಮನೆಯವರು ಕೊನೆಯ ಗಳಿಗೆಯಲ್ಲಿ ಇನ್ನೂರು ಜನಕ್ಕೆ ಹೇಳಿಕೆ ಕೊಟ್ಟು ಭಟ್ಟರ ತಲೆಗೆ ಕಟ್ಟುವಂತೆಯೂ ಇರಲಿಲ್ಲ, ಅಕ್ಕಿ ಅವರ ಅಟ್ಟದಿಂದಲೇ ಇಳಿಯಬೇಕಿತ್ತು. ಅಂದರೆ 'ಬಾಯಿಮಾತಿನ ಕಾಲ' ಎಂದು ಇಂದು ಹೊಗಳುವ ಕಾಲದಲ್ಲಿ ಬಾಯಿಮಾತಿಗೆ ಬಿಟ್ಟದ್ದು ಬಹಳ ಕಡಿಮೆ. ಮಜೂರಿಯೊಂದು ಮಾತಿನಲ್ಲಿ, ಉಳಿದದ್ದೆಲ್ಲ ಪಟ್ಟಿಯಲ್ಲಿ.

ಆಮೇಲೆ ಮದುವೆಯ ಹಾಲ್‌ಗಳು ಬಂದವು, ಎಲೆ ಲೆಕ್ಕದ ಗುತ್ತಿಗೆ ಬಂತು. ಅಕ್ಕಿ, ಬೇಳೆ, ಕಾಯಿ, ಗ್ಯಾಸು, ಪಾತ್ರೆ, ಬಡಿಸುವ ಹುಡುಗರು ಎಲ್ಲ ಗುತ್ತಿಗೆಯವರ ಮೇಲೆ ಹೋಯಿತು. ನೆರೆಕರೆಯವರು ಅತಿಥಿಗಳಾಗಿ ಕೂತರು. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಮನೆಯ ಹೆಂಗಸರು ಮಗಳ ಧಾರೆಯನ್ನು ಕಣ್ಣಾರೆ ನೋಡುವಂತಾದದ್ದು ಈ ಬದಲಾವಣೆಯಿಂದಲೇ. ಆದರೆ ಒಂದು ಎಡವಟ್ಟಾಯಿತು. ಪಟ್ಟಿ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಹಿಂದೆ ಕೆಲವು ನೂರು ರೂಪಾಯಿ ಮಜೂರಿಗೆ ಸಾಕಾಗಿದ್ದ ಬಾಯಿಮಾತನ್ನು ಈಗ ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರಕ್ಕೆ ಹೊದಿಸಿದ್ದೇವೆ.

ಇದೇ ಜನ ಬೇರೆ ಕಡೆ ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುತ್ತಾರೆ, ದೇವಸ್ಥಾನದ ಕಚೇರಿಯಲ್ಲಿ ಹೆಸರು ಬರೆಸುತ್ತಾರೆ, ರಸೀದಿಯನ್ನು ಮನೆಯ ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಾರೆ. ಆ ರಸೀದಿ ಅಮ್ಮನವರ ಮೇಲಿನ ಅಪನಂಬಿಕೆ ಎಂದು ಯಾರಿಗೂ ಅನಿಸಿಲ್ಲ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾಗುತ್ತದೆ. ಪೀಠ ಏರುವ ಮಠ ಅನ್ನದಾನದ ತಯಾರಿಯನ್ನು ವರ್ಷದಷ್ಟು ಮೊದಲೇ ಶುರುಮಾಡುತ್ತದೆ: ಎಲೆಗೆ ಬಾಳೆ ಮುಹೂರ್ತ, ಅನ್ನಕ್ಕೆ ಅಕ್ಕಿ ಮುಹೂರ್ತ, ಒಲೆಗೆ ಕಟ್ಟಿಗೆ ಮುಹೂರ್ತ, ಕಣಜಕ್ಕೆ ಭತ್ತ ಮುಹೂರ್ತ. ಸಾವಿರಾರು ಜನಕ್ಕೆ ಬಡಿಸುವವರು ಎಲೆಯನ್ನೂ ಕಟ್ಟಿಗೆಯನ್ನೂ ಬೇರೆಬೇರೆಯಾಗಿ ಹೆಸರಿಟ್ಟು ಎಣಿಸುತ್ತಾರೆ. 'ಅದೆಲ್ಲ ಆಮೇಲೆ ಕಾಂಬ' ಎನ್ನುವುದು ಈ ನೆಲದ ಸಂಪ್ರದಾಯವೇ ಅಲ್ಲ.

ಈಗ ಜಗಲಿಗೆ ಮರಳೋಣ. ಒಂದು ಲೆಕ್ಕ ಹಿಡಿಯೋಣ. ಎಂಟುನೂರು ಎಲೆ, ಎಲೆಗೆ 220 ರೂಪಾಯಿ ಎಂದು ಮಾತಾಗಿದೆ ಎಂದಿಟ್ಟುಕೊಳ್ಳಿ, ಒಟ್ಟು 1,76,000. ಮೇ ತಿಂಗಳ ಭಾನುವಾರ, ಒಳ್ಳೆಯ ಮುಹೂರ್ತ. ಹೇಳಿಕೆಯಲ್ಲಿ ಮನೆಗೊಬ್ಬರು ಬರಬಹುದೆಂದು ಎಣಿಸಿದ್ದ ಕಡೆಯಿಂದ ಮೂವರು ಬಂದರು. ಮೊದಲ ಹಂತಿ ಹನ್ನೆರಡಕ್ಕೆ ಕೂತಿತು, ಕೊನೆಯ ಹಂತಿ ಏಳುವಾಗ ಮೂರು ದಾಟಿತ್ತು. ಹಂತಿಗೆ ನೂರರ ಹಾಗೆ ಹತ್ತು ಹಂತಿ, ಮೇಲೆ ಹತ್ತು ಎಲೆ, ಒಟ್ಟು 1,010 ಎಂದು ಅಡುಗೆಯವರು ಹೇಳುತ್ತಾರೆ. ಕೊನೆಯ ಹಂತಿ ಅರ್ಧವೂ ತುಂಬಿರಲಿಲ್ಲ, ಸಣ್ಣ ಮಕ್ಕಳನ್ನು ಪೂರಾ ಎಲೆ ಎಂದು ಹಿಡಿಯುವುದು ಯಾವ ನ್ಯಾಯ, 930ಕ್ಕಿಂತ ಒಂದೂ ಹೆಚ್ಚಿಲ್ಲ ಎಂದು ಮನೆಯವರು ಹೇಳುತ್ತಾರೆ. ವ್ಯತ್ಯಾಸ ಎಂಬತ್ತು ಎಲೆ, 17,600 ರೂಪಾಯಿ. ಜಗಲಿಯಲ್ಲಿ ಐದು ರೂಪಾಯಿ ಇಳಿಸಲು ಅಷ್ಟು ಹೊತ್ತು ಹಗ್ಗಜಗ್ಗಾಟ ಮಾಡಿದ್ದರಿಂದ ಉಳಿದದ್ದು ನಾಲ್ಕು ಸಾವಿರ. ಎಲೆಯನ್ನು ಯಾರು ಎಣಿಸಬೇಕು, ಯಾವಾಗ ಎಣಿಸಬೇಕು, ಏನನ್ನು ಎಲೆ ಎನ್ನಬೇಕು ಎಂಬ ಒಂದು ಸಾಲು ಇಲ್ಲದ್ದರಿಂದ ಜಗಳಕ್ಕೆ ಬಿದ್ದದ್ದು ಅದರ ನಾಲ್ಕು ಪಟ್ಟಿಗಿಂತ ಹೆಚ್ಚು.

ಇಲ್ಲಿ ಯಾರೂ ಕಳ್ಳರಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಬಾಯಿಮಾತಿನ ಪರ ವಾದಿಸುವವರು ಕಾಗದ ಇರುವುದು ಕಳ್ಳರಿಗಾಗಿ ಎಂದು ತಿಳಿದಿದ್ದಾರೆ. ಒಬ್ಬರಿಗೆ ಹಾಕಿದ ಎಲೆ ಲೆಕ್ಕ, ಇನ್ನೊಬ್ಬರಿಗೆ ಉಂಡ ಎಲೆ ಲೆಕ್ಕ. ಇಬ್ಬರೂ ತಮ್ಮ ಲೆಕ್ಕವನ್ನೇ ಸತ್ಯವಾಗಿ ನಂಬಿದ್ದಾರೆ. ಹಾಕಿ ಯಾರೂ ಕೂರದೆ ತೆಗೆದ ಎಲೆ ಲೆಕ್ಕಕ್ಕಿಲ್ಲ, ಐದು ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಅಡುಗೆಯವರ ಕಡೆಯವರ ಊಟ ಇದರಲ್ಲಿ ಸೇರುವುದಿಲ್ಲ, ಫೋಟೊದವರು ಮತ್ತು ವಾಲಗದವರದು ಸೇರುತ್ತದೆ, ಪ್ರತಿ ಹಂತಿ ಕೂತ ತಕ್ಷಣ ಎರಡು ಕಡೆಯ ಒಬ್ಬೊಬ್ಬರು ಜೊತೆಯಾಗಿ ಎಣಿಸಿ ಚೀಟಿಯಲ್ಲಿ ಬರೆಯುತ್ತಾರೆ ಎಂದು ಮೊದಲೇ ಬರೆದುಕೊಂಡಿದ್ದರೆ ಸಂಜೆ ನಾಲ್ಕಕ್ಕೆ, ಹೆಣ್ಣು ಒಪ್ಪಿಸಿ ಕಣ್ಣು ಒದ್ದೆಯಾಗಿರುವ ಹೊತ್ತಿನಲ್ಲಿ, ಆ ತಂದೆ ಹಾಲಿನ ಹಿಂಬಾಗಿಲಲ್ಲಿ ನಿಂತು ದನಿ ಏರಿಸಬೇಕಾಗಿರಲಿಲ್ಲ.

ಎಲೆ ಲೆಕ್ಕವಾದರೂ ಕಣ್ಣಿಗೆ ಕಾಣುವಂಥದ್ದು. ಕಾಣದವು ಬೇರೆ ಇವೆ. ಉಪ್ಪುಂದದಂಥ ಕಡಲ ಬದಿಯ ಊರಿನಲ್ಲಿ ಏಪ್ರಿಲ್ ಮೇ ಹೊತ್ತಿಗೆ ಬಾವಿ ನೀರು ಕಡಿಮೆಯಾಗುತ್ತದೆ, ಕೆಲವು ಕಡೆ ಉಪ್ಪಾಗುತ್ತದೆ. ಟ್ಯಾಂಕರ್ ತರಿಸುವುದು ಹಾಲಿನವರೋ, ಮನೆಯವರೋ, ಅಡುಗೆಯವರೋ? ಗ್ಯಾಸ್ ಯಾರದು? ವಾಣಿಜ್ಯ ಬಳಕೆಯದು 19 ಕೆಜಿಯ ಸಿಲಿಂಡರ್, ಮನೆಯದು 14.2 ಕೆಜಿಯದು, ದರ ಹಿಂಡಿದಾಗ ಮನೆಯ ಸಿಲಿಂಡರ್ ಹಾಲಿನ ಒಲೆಯ ಬುಡಕ್ಕೆ ಬರುತ್ತದೆ, ಅದು ಕಾನೂನಿಗೆ ವಿರುದ್ಧ. 'ಬಾಳೆಲೆ ಊಟ' ಎಂದು ಹೇಳಿದ್ದು ಕೊಡಿ ಎಲೆಯೋ, ಬಾಳೆಲೆಯ ಚಿತ್ರ ಅಚ್ಚಾದ ಕಾಗದದ ಎಲೆಯೋ? ಹೋಳಿಗೆ ಕಾಯಿಯದೋ ಬೇಳೆಯದೋ, ಅದರ ಮೇಲೆ ತುಪ್ಪವೋ ಬೇರೇನೋ? ಬೆಳಗ್ಗಿನ ತಿಂಡಿ ಎಷ್ಟು ಜನಕ್ಕೆ? ಮಿಕ್ಕ ಅನ್ನ ಸಾಂಬಾರು ಯಾರದು, ಮನೆಯವರು ತುಂಬಿಕೊಂಡು ಹೋಗಬಹುದೇ, ಹೋಗಲು ಪಾತ್ರೆ ಯಾರು ಕೊಡುತ್ತಾರೆ? ಮಿಕ್ಕ ಅಡುಗೆಯ ಮೇಲೆ ಆಗುವಷ್ಟು ಮನಸ್ತಾಪ ಮದುವೆಯಲ್ಲಿ ಇನ್ನಾವುದರ ಮೇಲೂ ಆಗುವುದಿಲ್ಲ. ಜಗಲಿಯ ಮಾತುಕತೆಯಲ್ಲಿ ಅದರ ಪ್ರಸ್ತಾಪವೇ ಬಂದಿರುವುದಿಲ್ಲ.

ಬಾಯಿಮಾತಿನ ಇನ್ನೊಂದು ಕೇಡು, ಅದು ಮಾತುಕತೆಯನ್ನು ಒಂದೇ ಅಂಕಿಗೆ ಇಳಿಸುತ್ತದೆ. ನೆನಪಿನಲ್ಲಿ ಉಳಿಯುವುದು ಒಂದೇ ಅಂಕಿ, ಆದ್ದರಿಂದ ಇಬ್ಬರೂ ಅದನ್ನೇ ಜಗ್ಗುತ್ತಾರೆ. ಎಲೆಗೆ ಎಷ್ಟು ಇಳಿಸಿದೆ ಎಂಬುದು ನೆಂಟರ ಮುಂದೆ ಹೇಳಿಕೊಳ್ಳುವ ಜಾಣತನವಾಗುತ್ತದೆ. ಇಳಿಸಿದ್ದು ಎಲ್ಲಿಗೆ ಹೋಯಿತು? ಕರಾವಳಿಯ ಅಡುಗೆ ನಿಂತಿರುವುದು ಕಾಯಿಯ ಮೇಲೆ. ಹುಳಿಗೆ ಕಾಯಿ, ಪಲ್ಯಕ್ಕೆ ಕಾಯಿ, ಮೆಣಸ್ಕಾಯಿಗೆ ಕಾಯಿ, ಪಾಯಸಕ್ಕೆ ಕಾಯಿಹಾಲು. 2025ರಲ್ಲಿ ತೆಂಗಿನಕಾಯಿ ಬೆಲೆ ಹೇಗೆ ಏರಿತೆಂದು ಪ್ರತಿ ಮನೆಗೂ ಗೊತ್ತು. ಆರು ತಿಂಗಳು ಮೊದಲು ಮಾತು ಕೊಟ್ಟ ಅಡುಗೆಯವರು ಆಗ ಏನು ಮಾಡಬೇಕಿತ್ತು? ದರ ಏರಿಸಿದರೆ ಮಾತಿಗೆ ತಪ್ಪಿದವರು. ಏರಿಸದಿದ್ದರೆ ಪಾಯಸದ ಕಾಯಿಹಾಲು ತೆಳ್ಳಗಾಗಬೇಕು, ಇಲ್ಲವೇ ಬಡಿಸುವ ಹುಡುಗರಲ್ಲಿ ನಾಲ್ಕು ಜನ ಕಡಿಮೆಯಾಗಬೇಕು. ಕಾಯಿ, ಎಣ್ಣೆ, ಗ್ಯಾಸಿನ ಬೆಲೆ ಇಷ್ಟಕ್ಕಿಂತ ಹೆಚ್ಚು ಏರಿದರೆ ಎಲೆಗೆ ಇಂತಿಷ್ಟು ಸೇರಿಸುವುದು, ಇಳಿದರೆ ಇಳಿಸುವುದು ಎಂದು ಮೊದಲೇ ಬರೆದಿದ್ದರೆ ಯಾರೂ ಮಾತಿಗೆ ತಪ್ಪಿದವರಾಗುವುದಿಲ್ಲ.

ದರವನ್ನು ಅದುಮಿದರೆ ಅಡುಗೆ ಏನಾಗುತ್ತದೆ ಎಂಬುದಕ್ಕೆ ಇದೇ ಸೀಮೆಯ ಜನರ ಕಥೆಯೊಂದಿದೆ. ಈಗಿನ ಬ್ರಹ್ಮಾವರ ತಾಲ್ಲೂಕಿನ ಪಾರಂಪಳ್ಳಿಯಿಂದ ಹೋದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲು ಮುಂದೆ ಎಂಟಿಆರ್ ಆಯಿತು. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಅತಿ ಕಡಿಮೆ ದರ ಕಟ್ಟಿದಾಗ ಆ ದರದಲ್ಲಿ ಹಳೆಯ ಗುಣಮಟ್ಟ ಉಳಿಸಿಕೊಳ್ಳುವುದು ಅವರಿಗೆ ಕಷ್ಟವಾಯಿತು. ಅವರು ದಿಢೀರ್ ಮಿಶ್ರಣದ ಪೊಟ್ಟಣಗಳ ವ್ಯಾಪಾರಕ್ಕೆ ಹೊರಳಿದ್ದು ಆ ದಿನಗಳಲ್ಲಿ. ಹೆಸರು ಮಾಡಿದ ಹೋಟೆಲಿಗೆ ಬೇರೆ ದಾರಿ ಸಿಕ್ಕಿತು. ನಾಲ್ಕು ಕಡಾಯಿ, ಒಂದು ಟೆಂಪೊ, ಮೂವತ್ತು ಹುಡುಗರನ್ನು ಕಟ್ಟಿಕೊಂಡ ಉಪ್ಪುಂದದ ಗುತ್ತಿಗೆಯವರಿಗೆ ಎಲ್ಲಿದೆ ಬೇರೆ ದಾರಿ?

ಅದೇ ಎಂಟಿಆರ್ ಕಥೆಯಿಂದ ನಂಬಿಕೆಯ ವಿಷಯಕ್ಕೂ ಒಂದು ಮಾತು ತೆಗೆಯಬಹುದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವ ನೋಡಿ ಬಂದರು, ಬಂದವರು ಅದನ್ನು ತಮ್ಮ ಅಡುಗೆಮನೆಯಲ್ಲಿ ಜಾರಿಗೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡುವುದಕ್ಕೆ ಅಲ್ಲಿ ಬಾಗಿಲು ತೆರೆದಿತ್ತು. "ನಾವು ಮಡಿಯವರು, ನಂಬಿ" ಎಂದು ಅವರು ಸುಮ್ಮನೆ ಕೂತಿದ್ದರೆ ಆ ಹೆಸರು ಬರುತ್ತಿರಲಿಲ್ಲ. ನೋಡಿಕೊಳ್ಳಿ ಎಂದು ತೋರಿಸಿದರು, ಜನ ನಂಬಿದರು. ಇಂದು ಆಹಾರ ಸುರಕ್ಷತೆಯ 2006ರ ಕಾಯ್ದೆಯ ಪ್ರಕಾರ ಮದುವೆ ಅಡುಗೆಯವರಿಗೂ ನೋಂದಣಿ ಅಥವಾ ಪರವಾನಗಿ ಬೇಕು, ಅದಕ್ಕೆ 14 ಅಂಕಿಯ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಕೇಳುವುದನ್ನು ಅವಮಾನ ಎಂದುಕೊಳ್ಳುವ ಅಡುಗೆಯವರಿಗೆ ಮಯ್ಯರ ಅಡುಗೆಮನೆಯ ತೆರೆದ ಬಾಗಿಲನ್ನು ನೆನಪಿಸಬೇಕು.

ಕಾನೂನಿಗೂ ಬಾಯಿಮಾತು ನಡೆಯುತ್ತದಲ್ಲ, ಮತ್ತೆ ಕಾಗದವೇಕೆ ಎಂದು ಕೇಳುವವರಿದ್ದಾರೆ. ನಿಜ, 1872ರ ಭಾರತೀಯ ಕರಾರು ಕಾಯ್ದೆ ಇಂಥ ಒಪ್ಪಂದ ಬರಹದಲ್ಲೇ ಇರಬೇಕೆಂದು ಹೇಳುವುದಿಲ್ಲ. ಜಗಲಿಯಲ್ಲಿ ಆಡಿದ ಮಾತೂ ಕರಾರೇ. ಆದರೆ ಯಾವ ಮಾತು ಎಂಬುದೇ ತಕರಾರಾದಾಗ ಆ ಕಾಯ್ದೆ ಯಾರಿಗೆ ಏನು ಮಾಡೀತು? ಆ ಕಾಯ್ದೆಯ 65ನೇ ಕಲಮಿನ ಕೆಳಗೆ ಒಂದು ಉದಾಹರಣೆ ಇದೆ. ಕಛೇರಿಯಲ್ಲಿ ಹಾಡಲು ಒಬ್ಬರು ಸಾವಿರ ರೂಪಾಯಿ ಮುಂಗಡ ಪಡೆಯುತ್ತಾರೆ, ಕಾಯಿಲೆ ಬಿದ್ದು ಹಾಡಲಾಗುವುದಿಲ್ಲ. ಕರೆಸಿದವರಿಗೆ ತಪ್ಪಿದ ಲಾಭವನ್ನು ಅವರು ತುಂಬಿಕೊಡಬೇಕಾಗಿಲ್ಲ, ಆದರೆ ಮುಂಗಡದ ಸಾವಿರವನ್ನು ಹಿಂದಿರುಗಿಸಬೇಕು. ಒಂದೂವರೆ ಶತಮಾನದ ಹಿಂದೆ ಬರೆದ ಆ ಸಣ್ಣ ಉದಾಹರಣೆ ಮದುವೆ ಮುಂಗಡಕ್ಕೂ ಸಲ್ಲುವಂಥದ್ದು.

2020ರಲ್ಲಿ ಅದರ ಅರ್ಥ ಎಲ್ಲರಿಗೂ ತಟ್ಟಿತು. ಕೋವಿಡ್ ಕಾರಣಕ್ಕೆ ಮಾರ್ಚ್ 25ರಿಂದ ದೇಶ ಮುಚ್ಚಿತು, ಕರಾವಳಿಯ ಮದುವೆ ಹಂಗಾಮು ಎದುರಿಗೇ ಇತ್ತು. ಮೇ ತಿಂಗಳ ಹೊತ್ತಿಗೆ ಮದುವೆಗೆ 50 ಜನ ಎಂಬ ಮಿತಿ ಬಂತು. ಸಾವಿರ ಎಲೆಗೆ ಕೊಟ್ಟ ಮುಂಗಡ ಐವತ್ತು ಎಲೆಯ ಮದುವೆಯಲ್ಲಿ ಏನಾಗಬೇಕು? ಕೆಲವು ಅಡುಗೆಯವರು ಆಗಲೇ ಬೇಳೆ ಎಣ್ಣೆ ತಂದಿಟ್ಟಿದ್ದರು, ಕೆಲವರು ಕೆಲಸದವರಿಗೆ ಮುಂಗಡ ಹಂಚಿದ್ದರು. ಪೂರಾ ಹಿಂದೆ ಕೊಡಿ ಎಂದು ಕೇಳುವುದೂ ಅನ್ಯಾಯ, ಪೂರಾ ಮುಳುಗಿಸಿಕೊಳ್ಳುವುದೂ ಅನ್ಯಾಯ. ಮುಂಗಡದಲ್ಲಿ ಸಾಮಾನಿಗೆ ಎಷ್ಟು, ದಿನ ಕಾದಿರಿಸಿದ್ದಕ್ಕೆ ಎಷ್ಟು, ಮದುವೆ ಮುಂದೆ ಹೋದರೆ ಎಷ್ಟು ಉಳಿಯುತ್ತದೆ, ಮನೆಯಲ್ಲಿ ಸಾವು ಸೂತಕ ಬಂದರೆ ಏನು ಎಂದು ಎರಡು ಸಾಲು ಬರೆದಿದ್ದವರು ಆ ದಿನಗಳಲ್ಲಿ ಮುಖ ನೋಡಿ ಮಾತಾಡುವಂತಿದ್ದರು. ಸೂತಕದ ಮಾತು ಮದುವೆ ಕಾಗದದಲ್ಲಿ ಬರೆಯುವುದು ಅಶುಭ ಎಂದು ಹಿರಿಯರು ಹಿಂಜರಿಯುತ್ತಾರೆ. ಅವರ ಭಾವನೆಗೆ ಗೌರವ ಕೊಡಬೇಕು. 'ಅನಿವಾರ್ಯ ಕಾರಣದಿಂದ ದಿನ ಬದಲಾದರೆ' ಎಂದು ಬರೆದರೆ ಸಾಕು.

"ಇಪ್ಪತ್ತು ಸಾವಿರಕ್ಕೆ ಯಾರು ಕೋರ್ಟು ಹತ್ತುತ್ತಾರೆ?" ಎಂಬುದು ಮುಂದಿನ ವಾದ. ಕೋರ್ಟು ಹತ್ತಲೆಂದು ಬರೆಯುವುದಲ್ಲ, ಹತ್ತದಿರಲೆಂದು ಬರೆಯುವುದು. ಹತ್ತಲೇಬೇಕಾದರೂ ದಾರಿ ಅಷ್ಟು ದೂರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಅಲ್ಲಿ ಮೊದಲು ಕೇಳುವುದು ಏನು ಒಪ್ಪಿದ್ದಿರಿ ಎಂಬುದನ್ನು. ಛಾಪಾ ಕಾಗದವೇ ಬೇಕೆಂದೇನಿಲ್ಲ. ಅಡುಗೆಯವರು ಮನೆಗೆ ಹೋದ ಮೇಲೆ "ಇವತ್ತು ಮಾತಾದದ್ದು ಹೀಗೆ" ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಿ, ಅವರು "ಸರಿ" ಎಂದು ಉತ್ತರಿಸಿದರೆ ಅದೂ ದಾಖಲೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರದೊಂದಿಗೆ ಇಂಥ ಸಂದೇಶಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಕಾಗದ ಎಂಬ ಶಬ್ದಕ್ಕೆ ಹೆದರುವ ಮನೆಗಳಿಗೆ ಇದು ಸುಲಭದ ದಾರಿ.

ಅಡುಗೆಯವರ ಕಡೆಯಿಂದಲೂ ಒಂದು ಅಳುಕು ಇದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಬರೆದುಕೊಟ್ಟರೆ ತೆರಿಗೆಯವರು ಬರುತ್ತಾರೆ ಎಂಬ ಭಯ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುವುದು. ದಾಟಿದವರಿಗೆ ಹೊರಗಿನ ಊಟದ ಗುತ್ತಿಗೆಗೆ ಶೇ. 5ರ ದರ 2019ರ ಅಕ್ಟೋಬರಿನಿಂದ ಇದೆ. ಅಷ್ಟು ವಹಿವಾಟು ಇರುವವರು ಅದನ್ನು ಲೆಕ್ಕಕ್ಕೆ ತಂದೇ ದರ ಹೇಳಬೇಕು, ಸೇರಿದೆಯೋ ಬೇರೆಯೋ ಎಂದು ಮೊದಲೇ ತಿಳಿಸಬೇಕು; ಊಟವಾದ ಮೇಲೆ ಬಿಲ್ಲಿನಲ್ಲಿ ಕಾಣಿಸಬಾರದು. ತೆರಿಗೆ ತಪ್ಪಿಸುವ ಆಸೆಗೆ ಊರಿನ ನಂಬಿಕೆಯ ಹೆಸರು ಕೊಡುವುದನ್ನು ಒಪ್ಪಲಾಗದು. ಚಿಕ್ಕ ಪ್ರಮಾಣದಲ್ಲಿ ಕೆಲಸ ಮಾಡುವವರಿಗಂತೂ ಕಾಗದದಿಂದ ಕಳೆದುಕೊಳ್ಳುವಂಥದ್ದು ಏನೂ ಇಲ್ಲ, ಪಡೆಯುವುದೇ ಹೆಚ್ಚು. ಮದುವೆ ಮುಗಿದ ಮೇಲೆ ಬಾಕಿ ಹಣಕ್ಕಾಗಿ ಮೂರು ನಾಲ್ಕು ಸಲ ಮನೆ ಮೆಟ್ಟಿಲು ಹತ್ತಿ, "ಸಾರು ಸಪ್ಪೆ ಇತ್ತಂತೆ" ಎಂಬ ಮಾತು ಕೇಳಿ, ಐದು ಸಾವಿರ ಬಿಟ್ಟು ಬರುವವರು ಅವರೇ. ಬಾಯಿಮಾತಿನಲ್ಲಿ ಸೋಲುವುದು ಯಾವಾಗಲೂ ಗಟ್ಟಿಯಾಗಿ ಮಾತಾಡಲಾಗದವರು. ಊರಿನ ದೊಡ್ಡ ಮನೆಯವರ ಮುಂದೆ ಅಡುಗೆಯವರ ದನಿ ಗಟ್ಟಿಯಾಗುವುದಿಲ್ಲ.

ಅನ್ನ ಹಾಳಾಗುವುದೂ ಈ ಮಾತಿಗೆ ಸೇರಿದ್ದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು, ಕೆ. ನಾರಾಯಣ ಗೌಡರು ಕುಲಪತಿಯಾಗಿದ್ದಾಗ, ನಗರದ 75 ಕಲ್ಯಾಣ ಮಂಟಪಗಳನ್ನು ನೋಡಿ ಲೆಕ್ಕ ಹಾಕಿತು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆ ಎಂದು 2012ರಲ್ಲಿ ಅದು ಹೇಳಿತು. ಬೈಂದೂರಿನ ಹಾಲುಗಳ ಹಿಂದೆ ಹೋಗಿ ನಿಂತವರಿಗೆ ಇಲ್ಲಿಯ ಕಥೆ ಬೇರೆಯಲ್ಲ ಎಂದು ಗೊತ್ತಾಗುತ್ತದೆ. ಎಷ್ಟು ಜನ ಎಂಬುದನ್ನು ಮನೆಯವರು 'ಅಂದಾಜ್' ಎಂದು ಬಿಟ್ಟರೆ ಅಡುಗೆಯವರು ಮರ್ಯಾದೆಗೆ ಅಂಜಿ ಮೇಲೆ ಇನ್ನೂರು ಜನಕ್ಕೆ ಬೇಯಿಸುತ್ತಾರೆ, ಅದರ ಖರ್ಚನ್ನು ದರದಲ್ಲಿ ಮೊದಲೇ ಸೇರಿಸಿರುತ್ತಾರೆ. ಮದುವೆಗೆ ಐದು ದಿನ ಮೊದಲು ಕೊನೆಯ ಸಂಖ್ಯೆ ಹೇಳಬೇಕು, ಅದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ಅಡುಗೆ ಇರಬೇಕು, ಅದನ್ನೂ ದಾಟಿದರೆ ಅನ್ನ ಸಾರು ಮಜ್ಜಿಗೆ ಮಾತ್ರ ಎಂದು ಇಬ್ಬರೂ ಬರೆದುಕೊಂಡರೆ ಮನೆಯವರು ಹೇಳಿಕೆ ಕೊಡುವಾಗಲೇ ಎಣಿಸತೊಡಗುತ್ತಾರೆ.

ಕಾಗದದಲ್ಲಿ ಇರಬೇಕಾದ ಇನ್ನೊಂದು ಸಾಲು ಮನೆಯವರದೂ ಅಲ್ಲ, ಗುತ್ತಿಗೆಯವರದೂ ಅಲ್ಲ. ಅದು ಮುಂಜಾನೆ ಮೂರಕ್ಕೆ ಟೆಂಪೊದಿಂದ ಕಡಾಯಿ ಇಳಿಸಿದ ಹುಡುಗರದು, ಅವರಲ್ಲಿ ಕೆಲವರು ಭಾನುವಾರದ ಸಂಪಾದನೆಗೆ ಬಂದ ಕಾಲೇಜಿನವರು. ಹತ್ತು ಹಂತಿಗೆ ಬಗ್ಗಿ ಬಡಿಸಿ, ಎಲೆ ತೆಗೆದು, ಎಣ್ಣೆ ಹಿಡಿದ ಪಾತ್ರೆ ತಿಕ್ಕಿರುತ್ತಾರೆ. ದರ ಇಳಿದಾಗ ಮೊದಲು ಕಡಿಮೆಯಾಗುವುದು ಅವರ ತಲೆ ಲೆಕ್ಕ, ಬಾಕಿ ಉಳಿದಾಗ ಮೊದಲು ನಿಲ್ಲುವುದು ಅವರ ಕೂಲಿ. ಇಷ್ಟು ಎಲೆಗೆ ಇಷ್ಟು ಜನ ಬಡಿಸುವವರು ಇರಬೇಕು, ಅವರಲ್ಲಿ ಹದಿನಾಲ್ಕು ತುಂಬದ ಮಕ್ಕಳು ಇರಬಾರದು (ಮಕ್ಕಳ ದುಡಿಮೆ ಕಾಯ್ದೆಯ 2016ರ ತಿದ್ದುಪಡಿ ಹೇಳುವುದೂ ಇದನ್ನೇ), ಕೊನೆಯ ಹಂತಿ ಏಳುವ ಮೊದಲು ಅವರಿಗೂ ಕೂತು ಉಣ್ಣಲು ಎಲೆ ಹಾಕಬೇಕು, ಬಾಕಿ ಹಣ ಟೆಂಪೊ ಹೊರಡುವ ಮೊದಲು ಹಾಲಿನಲ್ಲೇ ಸಂದಾಯವಾಗಬೇಕು. ಮಗಳನ್ನು ಕಾರಿಗೆ ಹತ್ತಿಸುವ ಗಡಿಬಿಡಿಯಲ್ಲಿ ತಂದೆ "ನಾಳೆ ಕಾಂಬ" ಎಂದರೆ ಗುತ್ತಿಗೆಯವರೂ ಹುಡುಗರಿಗೆ ಅದನ್ನೇ ಹೇಳುತ್ತಾರೆ, ಹುಡುಗರು ಬರಿಗೈಯಲ್ಲಿ ಹೆದ್ದಾರಿ ಬದಿಗೆ ಬಂದು ಬಸ್ಸು ಕಾಯುತ್ತಾರೆ. ಬರೆದುಕೊಂಡ ಮನೆಯಲ್ಲಿ ಹಣ ಹಿಂದಿನ ದಿನವೇ ಲಕೋಟೆಯಲ್ಲಿ ಸಿದ್ಧವಾಗಿ ಸೋದರಮಾವನ ಜೇಬಿನಲ್ಲಿ ಇರುತ್ತದೆ. ಹಂತಿಯ ಚೀಟಿ ನೋಡಿ, ಕೂಡಿಸಿ, ಎಣಿಸಿ ಕೊಡುತ್ತಾರೆ. ಆ ಹುಡುಗರು ಐದರ ಬಸ್ಸು ಹತ್ತುವಾಗ ಕೂಲಿ ಅವರ ಕೈಯಲ್ಲಿರುತ್ತದೆ.